ಹಸುವಿಗೆ ಇರುವ ಲೆಕ್ಕ ಕೂಸಿಗೆ ಏಕಿಲ್ಲ?

ನಮ್ಮ ಹಾಸನ ಜಿಲ್ಲೆಯಲ್ಲಿ ಸೀಮೆಹಸು ಏನು ತಿನ್ನಬೇಕೆಂದು ಗಣಿತ ಹೇಳುತ್ತದೆ. ಹಾಸನದಲ್ಲೇ ಕೆಎಂಎಫ್‌ನ ಪಶು ಆಹಾರ ಕಾರ್ಖಾನೆ ಇದೆ. ಮೆಕ್ಕೆಜೋಳ, ತೌಡು, ಹಿಂಡಿ, ಕಾಕಂಬಿಗಳ ಇವತ್ತಿನ ದರ ಒಂದು ಕಡೆ, ಹಸುವಿಗೆ ಬೇಕಾದ ಶಕ್ತಿ, ಪ್ರೋಟೀನು, ಸುಣ್ಣದಂಶ ಇನ್ನೊಂದು ಕಡೆ ಇಟ್ಟು, ಎಲ್ಲವೂ ಸಿಕ್ಕಿ ಖರ್ಚು ಅತಿ ಕಡಿಮೆ ಆಗುವ ಮಿಶ್ರಣ ಯಾವುದೆಂದು ಕಂಪ್ಯೂಟರನ್ನು ಕೇಳುವುದು ಪಶು ಆಹಾರದ ಉದ್ಯಮದಲ್ಲಿ ದಶಕಗಳ ಹಳೆಯ ರೂಢಿ. 2012ರಲ್ಲಿ ಶುರುವಾದ ರಾಷ್ಟ್ರೀಯ ಡೇರಿ ಯೋಜನೆಯಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ) ಇದನ್ನು ಕೊಟ್ಟಿಗೆಯ ಬಾಗಿಲಿಗೇ ತಂದಿತು. ಹಸುವಿನ ಕಿವಿಗೆ ಹನ್ನೆರಡು ಅಂಕಿಯ ಓಲೆ. ಅದರ ತೂಕ ಎಷ್ಟು, ದಿನಕ್ಕೆ ಎಷ್ಟು ಹಾಲು, ಹಾಲಿನಲ್ಲಿ ಎಷ್ಟು ಕೊಬ್ಬು, ಮನೆಯಲ್ಲಿ ಯಾವ ಮೇವಿದೆ ಎಂದು ತುಂಬಿದರೆ, ಆ ಒಂದು ಹಸುವಿಗೆ ಬೇಕಾದ ಕಡಿಮೆ ಖರ್ಚಿನ ಊಟದ ಪಟ್ಟಿ ಸಿದ್ಧ.

ಅದೇ ಮನೆಯ ಜಗಲಿ ಮೇಲೆ ಅಜ್ಜಿಯ ತೊಡೆಯಲ್ಲಿ ಕೂತ ಹತ್ತು ತಿಂಗಳ ಕೂಸಿಗೆ ಸರ್ಕಾರ ಮಾಡುವ ಖರ್ಚು ಹೇಗೆ ತೀರ್ಮಾನವಾಗುತ್ತದೆ? ಬಜೆಟ್ ದಿನ ಒಂದು ಹೊಸ ಹೆಸರು ಹುಟ್ಟುತ್ತದೆ, ಹಳೆಯದರ ಪಕ್ಕದಲ್ಲಿ ಅದೂ ನಿಲ್ಲುತ್ತದೆ. ಹಾಲಿಗೊಂದು ಯೋಜನೆ, ಮೊಟ್ಟೆಗೊಂದು, ಬಸುರಿಯರಿಗೊಂದು. ಒಂದೊಂದೂ ಒಳ್ಳೆಯದೇ. ಆದರೆ ಮುಂದಿನ ಒಂದು ರೂಪಾಯಿಯನ್ನು ಇವುಗಳಲ್ಲಿ ಯಾವುದಕ್ಕೆ ಹಾಕಿದರೆ ಎಷ್ಟು ಮಕ್ಕಳು ಸರಿಯಾಗಿ ಬೆಳೆಯುತ್ತಾರೆ ಎಂದು ಯಾರೂ ಕೂತು ಕೂಡಿ ಕಳೆದ ಹಾಗೆ ಕಾಣುವುದಿಲ್ಲ. ಹಾಸನದ ಬಳಿಯ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬೇಕೆಂದಾಗ ಯೋಜನಾ ವರದಿ, ಪ್ರಯಾಣಿಕರ ಅಂದಾಜು, ರನ್‌ವೇ ಉದ್ದ ಎಂದೆಲ್ಲ ವರ್ಷಗಟ್ಟಲೆ ಚರ್ಚೆಯಾಯಿತು. ಆಗಲೇಬೇಕು, ಸಾರ್ವಜನಿಕರ ದುಡ್ಡು. ಅದರ ಪಕ್ಕದ ಹಳ್ಳಿಗಳ ಅಂಗನವಾಡಿ ತಟ್ಟೆಯೂ ಸಾರ್ವಜನಿಕರ ದುಡ್ಡೇ.

ನಾನು ಪಿಯು ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ದ್ವಿತೀಯ ಪಿಯುಸಿಯಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಸಣ್ಣ ಅಧ್ಯಾಯವಿದೆ. ಪರೀಕ್ಷೆಯಲ್ಲಿ ಆರು ಅಂಕ. ಕಷ್ಟದ ಹುಡುಗರು ಪಾಸಾಗಲು ನೆಚ್ಚಿಕೊಳ್ಳುವ ಪ್ರಶ್ನೆ. ನಾನು ಕಲಿಸುವಾಗ ಅದರಲ್ಲಿ ‘ಆಹಾರದ ಲೆಕ್ಕ’ ಅಂತಲೇ ಒಂದು ಬಗೆ ಇತ್ತು. ಎರಡು ಆಹಾರ, ಎರಡು ವಿಟಮಿನ್, ಕೆಜಿಗೆ ಇಷ್ಟು ದರ. ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ಮೂಲೆಯ ಬಿಂದುಗಳನ್ನು ಪರೀಕ್ಷಿಸಿದರೆ ಉತ್ತರ. ಆ ‘ಆಹಾರ ಒಂದು’, ‘ಆಹಾರ ಎರಡು’ ಯಾವುದು ಅಂತ ಒಬ್ಬ ವಿದ್ಯಾರ್ಥಿಯೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಈಗ ಬಿಡುವಿದೆ, ಹೇಳುತ್ತೇನೆ.

ಈ ಲೆಕ್ಕಕ್ಕೆ ಒಂದು ಸ್ವಾರಸ್ಯದ ಇತಿಹಾಸವಿದೆ. 1945ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 77 ಬಗೆಯ ಆಹಾರ, 9 ಪೋಷಕಾಂಶಗಳನ್ನು ಹಿಡಿದುಕೊಂಡು, ಒಬ್ಬ ಗಂಡಸು ವರ್ಷವಿಡೀ ಬದುಕಲು ಕನಿಷ್ಠ ಎಷ್ಟು ಖರ್ಚು ಎಂದು ಅಂದಾಜು ಮಾಡಿದ. 1939ರ ದರದಲ್ಲಿ 39.93 ಡಾಲರ್ ಬಂತು. ಗೋಧಿಹಿಟ್ಟು, ಡಬ್ಬಿಹಾಲು, ಕೋಸು, ಪಾಲಕ್, ಒಣಹುರುಳಿಯಂಥ ಒಂದು ಕಾಳು, ಇಷ್ಟೇ ಊಟ. ಎರಡು ವರ್ಷದ ನಂತರ ಜಾರ್ಜ್ ಡಾಂಟ್ಜಿಗ್ ಕಂಡುಹಿಡಿದ ಹೊಸ ವಿಧಾನದಲ್ಲಿ ಅದೇ ಲೆಕ್ಕವನ್ನು ಗುಮಾಸ್ತರು ಕೈಯಂತ್ರಗಳಲ್ಲಿ ಮಾಡಿದರು. ಒಬ್ಬನೇ ಕೂತು ಮಾಡಿದ್ದರೆ 120 ದಿನ ಹಿಡಿಯುತ್ತಿದ್ದ ಕೆಲಸ. ಉತ್ತರ 39.69 ಡಾಲರ್. ಸ್ಟಿಗ್ಲರ್ ಊಹಿಸಿದ್ದಕ್ಕೂ ನಿಜವಾದ ಉತ್ತರಕ್ಕೂ ವರ್ಷಕ್ಕೆ ಕಾಲು ಡಾಲರಿನಷ್ಟು ವ್ಯತ್ಯಾಸ.

ಮುಂದಿನದು ಇನ್ನೂ ಚೆನ್ನ. ಡಾಂಟ್ಜಿಗ್‌ಗೆ ತೂಕ ಇಳಿಸಿಕೊಳ್ಳಿ ಎಂದು ವೈದ್ಯರು ಹೇಳಿದರು. ಸರಿ, ತನ್ನ ವಿಧಾನವನ್ನು ತನ್ನ ಮೇಲೇ ಪ್ರಯೋಗಿಸಿದ. ಹೊಟ್ಟೆ ತುಂಬಿದ ಹಾಗೆ ಇರಬೇಕು, ಕ್ಯಾಲೊರಿ ಮಿತಿ ಮೀರಬಾರದು, ಇದು ಕಂಪ್ಯೂಟರಿಗೆ ಕೊಟ್ಟ ಪ್ರಶ್ನೆ. ಅದು ಕೊಟ್ಟ ಮೊದಲ ಉತ್ತರದಲ್ಲಿ ಐನೂರು ಗ್ಯಾಲನ್ ವಿನೆಗರ್ ಇತ್ತು. ನೀರಿನಂಶವನ್ನು ಲೆಕ್ಕದಿಂದ ಕಳೆಯಬೇಕೆಂದು ಹೇಳಿದ್ದರು, ವಿನೆಗರ್‌ನಲ್ಲಿ ನೀರಿದೆಯೆಂದು ಪಟ್ಟಿಯಲ್ಲಿ ಬರೆದಿರಲಿಲ್ಲ. ವಿನೆಗರ್ ತೆಗೆದುಹಾಕಿದರೆ ಮರುದಿನ ದಿನಕ್ಕೆ ಇನ್ನೂರು ಸೂಪಿನ ಉಪ್ಪುಗಟ್ಟಿ. ಅದಕ್ಕೊಂದು ಮಿತಿ ಹಾಕಿದರೆ ಗೋಧಿ ಬೂಸಾ. ಬೂಸಾಕ್ಕೆ ಮಿತಿ ಹಾಕಿದರೆ ಕಾಕಂಬಿ. ಕೊನೆಗೆ ಹೆಂಡತಿ ಬೇಸತ್ತು ತಾನೇ ಊಟದ ಕ್ರಮ ಗೊತ್ತುಮಾಡಿದಳು, ಗಂಡನ ತೂಕ ಇಳಿಯಿತು. ಇಪ್ಪತ್ತನೇ ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬ ತಾನೇ ಬರೆದಿಟ್ಟ ಕಥೆ ಇದು. ಇದನ್ನು ಕೇಳಿ ‘ಗಣಿತ ಕೆಲಸಕ್ಕೆ ಬಾರದು’ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಿತಿಗಳನ್ನು ಹೇಳಬೇಕಾದವಳು ಅಡಿಗೆಮನೆಯಲ್ಲಿದ್ದಳು, ಅವಳನ್ನು ಮೊದಲು ಕೇಳಲಿಲ್ಲ, ಅಷ್ಟೆ.

ಈಗ ನಮ್ಮ ಅಂಗನವಾಡಿಗೆ ಬರೋಣ. ಆರು ತಿಂಗಳಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಪೂರಕವಾಗಿ ಸಿಗಬೇಕು ಎಂಬುದು 2023ರವರೆಗೆ ಇದ್ದ ನಿಯಮ. ಅದಕ್ಕೆ 2017ರಲ್ಲಿ ಕೇಂದ್ರ ಗೊತ್ತುಮಾಡಿದ ದರ ಮಗುವಿಗೆ ದಿನಕ್ಕೆ ₹8. ಆ ನಿಯಮವನ್ನೇ ಹಿಡಿದು ಆರು ಅಂಕದ ಪ್ರಶ್ನೆಯ ಹಾಗೆ ಬಿಡಿಸಿ ನೋಡೋಣ. ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ ₹4,886. ಎಂಬತ್ತು ಗ್ರಾಂ ರಾಗಿಗೆ ಹತ್ತಿರ ಹತ್ತಿರ ₹4. ಅದರಿಂದ 250ರ ಸುಮಾರು ಕ್ಯಾಲೊರಿ, ಐದಾರು ಗ್ರಾಂ ಪ್ರೋಟೀನು. ಕಡಲೆಬೀಜ ಕೆಜಿಗೆ ₹130 ಎಂದಿಟ್ಟುಕೊಂಡರೆ 28 ಗ್ರಾಮಿಗೆ ₹3.60, ಅದರಿಂದ 155 ಕ್ಯಾಲೊರಿ, 7 ಗ್ರಾಂ ಪ್ರೋಟೀನು. ಇಪ್ಪತ್ತು ಗ್ರಾಂ ಬೆಲ್ಲಕ್ಕೆ ಒಂದು ರೂಪಾಯಿ ಚಿಲ್ಲರೆ. ಕೂಡಿ. ಎಂಟು ರೂಪಾಯಿ ದಾಟಿತು, ಕ್ಯಾಲೊರಿ ಇನ್ನೂ ಐನೂರು ಮುಟ್ಟಿಲ್ಲ. ತರಕಾರಿ ಇಲ್ಲ, ಸೊಪ್ಪಿಲ್ಲ, ಎಣ್ಣೆಯಿಲ್ಲ, ಗ್ಯಾಸಿನ ಮಾತೇ ಬೇಡ. ಮೊಟ್ಟೆಯನ್ನು ಈ ಎಂಟರೊಳಗೆ ತರಲು ಹೋದರೆ ಅದೊಂದೇ ಆರೇಳು ರೂಪಾಯಿ ನುಂಗುತ್ತದೆ. ಪೇಟೆ ದರದಲ್ಲಿ ಈ ಸಾಮಾನು ಹಿಡಿದು ಬಿಡಿಸಿದರೆ ಗ್ರಾಫಿನಲ್ಲಿ ಎಲ್ಲ ಗೆರೆಗಳೂ ಒಪ್ಪುವ ಜಾಗವೇ ಸಿಗುವುದಿಲ್ಲ. ತರಗತಿಯಲ್ಲಾದರೆ ‘ಪರಿಹಾರವಿಲ್ಲ’ ಎಂದು ಬರೆದು ಅಂಕ ಪಡೆಯಬಹುದು. ಅಂಗನವಾಡಿಯಲ್ಲಿ ಹಾಗೆ ಬರೆಯಲಾಗುವುದಿಲ್ಲ, ಹನ್ನೆರಡೂವರೆಗೆ ಮಕ್ಕಳು ತಟ್ಟೆ ಹಿಡಿದು ಕೂತಿರುತ್ತಾರೆ.

ಹಾಗಾದರೆ ಅಡಿಗೆ ಹೇಗೆ ನಡೆಯುತ್ತದೆ? ರಾಜ್ಯ ತನ್ನ ಪಾಲು ಸೇರಿಸುತ್ತದೆ, ಹಾಲು ಮೊಟ್ಟೆಗೆ ಬೇರೆ ಲೆಕ್ಕದಿಂದ ಕೊಡುತ್ತದೆ. ಕೇಂದ್ರದ ಗೋದಾಮಿನಿಂದ ರಿಯಾಯಿತಿ ದರದಲ್ಲಿ ಅಕ್ಕಿ ಬರುತ್ತದೆ. ಆ ದರ ಹಾಕಿದ ಕೂಡಲೇ ನನ್ನ ಲೆಕ್ಕಕ್ಕೆ ಉತ್ತರ ಸಿಗುತ್ತದೆ. ಉತ್ತರ ಬಹುಪಾಲು ಅನ್ನ! ಅಕ್ಕಿ ಅಗ್ಗ, ಅದಕ್ಕೇ ಲೆಕ್ಕ ಅಕ್ಕಿಯನ್ನು ಆರಿಸುತ್ತದೆ. ಅಕ್ಕಿ ಅಗ್ಗವಾದದ್ದು ಹೇಗೆ? ಸರ್ಕಾರ ಅದನ್ನು ಅಗ್ಗ ಮಾಡಿದೆ. ಸುಣ್ಣದಂಶವೂ ಇಷ್ಟಿರಬೇಕು ಎಂದು ಒಂದು ಗೆರೆ ಹೆಚ್ಚಿಗೆ ಎಳೆದು ನೋಡಿ, ಪಟ್ಟಿಯಿಂದ ಬಿದ್ದುಹೋಗಿದ್ದ ರಾಗಿ ಎದ್ದು ಬರುತ್ತದೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಸುಮಾರು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಕ್ಯಾಲೊರಿ, ಪ್ರೋಟೀನು ಎರಡನ್ನೇ ಎಣಿಸುತ್ತಿದ್ದ ಆ ನಿಯಮದಲ್ಲಿ ನಮ್ಮ ಹೊಲದ ಧಾನ್ಯ ಸೋಲುತ್ತಿತ್ತು. ಏನನ್ನು ಎಣಿಸುತ್ತೇವೆ ಎನ್ನುವುದರಲ್ಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ.

ಇದು ಒಂದು ತಟ್ಟೆಯ ಲೆಕ್ಕ. ಇಡೀ ರಾಜ್ಯದ ಬಜೆಟ್ಟಿಗೆ ಇದರ ದೊಡ್ಡಣ್ಣನಂಥ ಮಾದರಿಗಳಿವೆ. ಮೆಲ್ಬರ್ನ್‌ನ ಬರ್ನೆಟ್ ಸಂಸ್ಥೆ ಮತ್ತು ವಿಶ್ವಬ್ಯಾಂಕ್ ಸೇರಿ ಮಾಡಿದ ‘ಆಪ್ಟಿಮಾ ನ್ಯೂಟ್ರಿಷನ್’ ಅಂಥದ್ದು. ಎಷ್ಟು ಮಕ್ಕಳು, ಈಗ ಯಾವ ಕಾರ್ಯಕ್ರಮ ಎಷ್ಟು ಜನರನ್ನು ಮುಟ್ಟಿದೆ, ಇನ್ನೊಬ್ಬರನ್ನು ಮುಟ್ಟಲು ಎಷ್ಟು ಖರ್ಚು, ಮುಟ್ಟಿದರೆ ಎಷ್ಟು ಗುಣ ಎಂದು ಕೊಟ್ಟರೆ, ಇರುವ ದುಡ್ಡನ್ನೇ ಹೇಗೆ ಹಂಚಿದರೆ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳ ಸಂಖ್ಯೆ ಅತಿ ಕಡಿಮೆ ಆಗುತ್ತದೆ ಎಂದು ಹೇಳುತ್ತದೆ. ಬಾಂಗ್ಲಾದೇಶದ ಅಂಕಿಗಳನ್ನು ಇದಕ್ಕೆ ಹಾಕಿ ನೋಡಿದ ಅಧ್ಯಯನ 2018ರಲ್ಲೇ ಬಂದಿದೆ.

ಕರ್ನಾಟಕಕ್ಕೆ ಇದರ ಅಗತ್ಯ ಇದೆಯೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ನಾಲ್ಕೈದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 36.2 ಇತ್ತು. ಅಂದರೆ ಒಂದು ಚುನಾವಣೆಯಿಂದ ಇನ್ನೊಂದು ಚುನಾವಣೆಯವರೆಗೆ ಇಳಿದದ್ದು ಮುಕ್ಕಾಲು ಅಂಶದಷ್ಟು. ಎತ್ತರಕ್ಕೆ ತಕ್ಕ ತೂಕವಿಲ್ಲದವರು ಶೇ 26.1ರಿಂದ 19.5ಕ್ಕೆ ಇಳಿದರು, ಅದು ಸಣ್ಣ ಮಾತಲ್ಲ. ಆದರೆ ರಕ್ತಹೀನತೆ ಶೇ 60.9ರಿಂದ 65.5ಕ್ಕೆ ಏರಿತು. ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ 2013ರಲ್ಲಿ, ಬಸುರಿ ಬಾಣಂತಿಯರಿಗೆ ಊಟ ಕೊಡುವ ಮಾತೃಪೂರ್ಣ 2017ರ ಗಾಂಧಿ ಜಯಂತಿಯಂದು ಶುರುವಾಗಿದ್ದವು. ಯೋಜನೆ ಇರಲಿಲ್ಲ ಎನ್ನುವಂತಿಲ್ಲ. ಎತ್ತರದ ಅಂಕಿ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಕಾರಣ ಮಕ್ಕಳ ವೈದ್ಯರಿಗೆಲ್ಲ ಗೊತ್ತಿರುವುದೇ. ಮಗು ಕುಳ್ಳಾಗುವುದೋ ಬಿಡುವುದೋ ಬಹುಮಟ್ಟಿಗೆ ತಾಯಿಯ ಹೊಟ್ಟೆಯಿಂದ ಎರಡನೇ ಹುಟ್ಟುಹಬ್ಬದೊಳಗೆ ತೀರ್ಮಾನವಾಗುತ್ತದೆ. ಆರು ತಿಂಗಳಿಂದ ಎರಡು ವರ್ಷದವರೆಗಿನ ಕೂಸುಗಳಲ್ಲಿ ಸಾಕಷ್ಟು ಬಗೆಯ, ಸಾಕಷ್ಟು ಸಲದ ಊಟ ಸಿಗುತ್ತಿರುವುದು ದೇಶದಲ್ಲಿ ಶೇ 11.3 ಮಂದಿಗೆ ಮಾತ್ರ ಎಂದು ಅದೇ ಸಮೀಕ್ಷೆ ಹೇಳುತ್ತದೆ. ನಮ್ಮ ದುಡ್ಡು, ಶ್ರಮ, ಫೋಟೊ ಹೆಚ್ಚಾಗಿ ಇರುವುದು ಮೂರು ವರ್ಷದ ಮೇಲಿನವರ ಸುತ್ತ. ಏಕೆಂದರೆ ಅವರು ತಾವೇ ನಡೆದು ಬರುತ್ತಾರೆ, ಸಾಲಾಗಿ ಕೂರುತ್ತಾರೆ, ತಟ್ಟೆ ಕಾಣುತ್ತದೆ, ಹಾಜರಿ ಸಿಗುತ್ತದೆ. ಒಂದು ವರ್ಷದ ಕೂಸು ಎಲ್ಲಿಗೂ ನಡೆದು ಬರುವುದಿಲ್ಲ. ಅದಕ್ಕೆ ‘ಪುಷ್ಟಿ’ ಪುಡಿಯ ಪೊಟ್ಟಣ ಮನೆಗೆ ಹೋಗುತ್ತದೆ. ಮನೆಯಲ್ಲಿ ಅದು ಯಾರ ಹೊಟ್ಟೆಗೆ ಹೋಯಿತು ಎಂದು ಯಾವ ಆ್ಯಪ್ ಕೂಡ ಬರೆದುಕೊಳ್ಳುವುದಿಲ್ಲ. ಉಂಡೆ ಕಟ್ಟಿ ಮನೆಮಂದಿಯೆಲ್ಲ ತಿಂದದ್ದನ್ನೂ, ಹಸುವಿನ ಕಲಗಚ್ಚಿಗೆ ಸುರಿದದ್ದನ್ನೂ ನಾನು ಕಂಡಿದ್ದೇನೆ. (ಆ ಹಸುವಿಗೆ ಬೇಕಾದದ್ದನ್ನು ಕಂಪ್ಯೂಟರ್ ಆಗಲೇ ಹೇಳಿತ್ತಲ್ಲ!)

ಇಷ್ಟು ಹೇಳಿದ ಮೇಲೆ, ಶಾಲೆ ಮಕ್ಕಳ ಮೊಟ್ಟೆ ಕಿತ್ತು ಕೂಸಿಗೆ ಕೊಡಿ ಎನ್ನುತ್ತಿದ್ದೇನೆ ಅಂತ ಯಾರೂ ತಿಳಿಯಬಾರದು. ಮೊಟ್ಟೆಯ ವಿಷಯದಲ್ಲಿ ಕರ್ನಾಟಕ ಒಂದು ಒಳ್ಳೆಯ ಕೆಲಸ ಮಾಡಿತು: ಎಲ್ಲೆಡೆ ಕೊಡುವ ಮೊದಲು ಅಳೆಯಿತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರಿಂದ ದೊಡ್ಡ ಗಲಾಟೆಯೇ ಆಯಿತು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನು ತಿನ್ನದ ಗದಗದ ಮಕ್ಕಳ ಜೊತೆ ಹೋಲಿಸಿ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ತೂಕ ನೋಡಿತು. ಯಾದಗಿರಿಯವರ ತೂಕ ಚೆನ್ನಾಗಿ ಏರಿತ್ತು. ಗಣಿತದವನಾಗಿ ನನಗೆ ತಕರಾರಿದೆ. ಒಂದು ಜಿಲ್ಲೆಗೆ ಇನ್ನೊಂದು ಜಿಲ್ಲೆ ಎದುರು ಇಟ್ಟರೆ ನಡುವೆ ನೂರು ವ್ಯತ್ಯಾಸಗಳು ಇರುತ್ತವೆ. ಆದರೂ ಅಳೆದರಲ್ಲ! ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು ₹1,500 ಕೋಟಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಆರು ದಿನವಾಯಿತು.

ಮೊಟ್ಟೆ ತಿನ್ನದ ಮಕ್ಕಳಿಗೆ ಅದೇ ₹6ರ ಲೆಕ್ಕದಲ್ಲಿ ಬಾಳೆಹಣ್ಣು ಎಂದಾಯಿತು. ರಸೀತಿಯಲ್ಲಿ ಎರಡೂ ಒಂದೇ. ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನು, ಬಾಳೆಹಣ್ಣಿನಲ್ಲಿ ಒಂದು. ಮೊಟ್ಟೆ ಬೇಡ ಎನ್ನುವ ಹಕ್ಕು ಮನೆಯವರಿಗಿದೆ; ಆದರೆ ದರ ಸಮ ಮಾಡಿ ನ್ಯಾಯ ಆಯಿತು ಎನ್ನುವುದು ತಪ್ಪು ಲೆಕ್ಕ. ಕಾಳು, ಹಾಲು, ಕಡಲೆಬೀಜ ಕೂಡಿಸಿ ಆರು ಗ್ರಾಂ ಮುಟ್ಟಿಸಬೇಕಿತ್ತು.

ಶಾಲೆಯ ಊಟ ಬಿಡಬಾರದು ಎನ್ನಲು ಇನ್ನೊಂದು ದೊಡ್ಡ ಕಾರಣ 2021ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂತು. ಬಾಲ್ಯದಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಡ ಹುಡುಗಿಯರು ಮುಂದೆ ತಾಯಂದಿರಾದಾಗ ಅವರ ಮಕ್ಕಳು ಎತ್ತರವಾಗಿದ್ದಾರೆ ಎಂದು ಭಾರತದ ಅಂಕಿಗಳೇ ತೋರಿಸಿದವು. ಐದು ವರ್ಷದ ಆಯವ್ಯಯಕ್ಕೆ ಕಟ್ಟಿದ ಮಾದರಿ ಈ ಲಾಭಕ್ಕೆ ಸೊನ್ನೆ ಬೆಲೆ ಕಟ್ಟುತ್ತದೆ. ಏಕೆಂದರೆ ಆ ಹುಡುಗಿಯ ಮಗು ಇನ್ನೂ ಹುಟ್ಟಿಲ್ಲ. ಆದ್ದರಿಂದ ಮಾದರಿಗೆ ಎಷ್ಟು ವರ್ಷ ಮುಂದಕ್ಕೆ ನೋಡು ಎಂದು ಹೇಳುತ್ತೇವೆ ಎಂಬುದು ಗಣಿತಜ್ಞರು ತಮ್ಮಷ್ಟಕ್ಕೆ ತೀರ್ಮಾನಿಸುವ ವಿಷಯವಲ್ಲ. ಅದು ವಿಧಾನಸಭೆಯಲ್ಲಿ ಚರ್ಚೆಯಾಗಬೇಕು.

ಗಣಿತ ಬಡವರ ಕಡೆಗೇ ನಿಲ್ಲುತ್ತದೆ ಎಂಬ ಭ್ರಮೆಯೂ ನನಗಿಲ್ಲ. 1970-80ರ ದಶಕಗಳಲ್ಲಿ ಪುಣೆಯ ಪಿ.ವಿ. ಸುಖಾತ್ಮೆ ಎಂಬ ಸಂಖ್ಯಾಶಾಸ್ತ್ರಜ್ಞರು ಇದ್ದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಅಂಕಿಅಂಶ ವಿಭಾಗ ನಡೆಸಿದವರು, ಪದ್ಮಭೂಷಣ ಪಡೆದವರು. ಮನುಷ್ಯನ ಅಗತ್ಯ ದಿನದಿಂದ ದಿನಕ್ಕೆ ಹೆಚ್ಚು ಕಡಿಮೆ ಆಗುತ್ತದೆ, ಆದ್ದರಿಂದ ಹಸಿದವರನ್ನು ಎಣಿಸುವಾಗ ಸರಾಸರಿಗಿಂತ ಸಾಕಷ್ಟು ಕೆಳಗೆ ಗೆರೆ ಎಳೆಯಬೇಕು ಎಂದು ಅವರು ವಾದಿಸಿದರು. ಗೆರೆ ಕೆಳಗಿಳಿದರೆ ಹಸಿದವರ ಸಂಖ್ಯೆ ಕಾಗದದ ಮೇಲೆ ಕರಗಿಹೋಗುತ್ತದೆ. 1982ರಲ್ಲಿ ಅಮೆರಿಕದ ಡೇವಿಡ್ ಸೆಕ್ಲರ್ ಇನ್ನೂ ಮುಂದೆ ಹೋಗಿ, ಚಿಕ್ಕ ಮೈಕಟ್ಟಿನವರು ಆರೋಗ್ಯವಾಗಿಯೇ ಇರಬಹುದು ಎಂದರು. ಪೋಷಣ ವಿಜ್ಞಾನಿ ಸಿ. ಗೋಪಾಲನ್ ಇದಕ್ಕೆ ಖಾರವಾಗಿ ಉತ್ತರಿಸಿದರು: ಚಿಕ್ಕದಾಗಿರುವುದು ಒಳ್ಳೆಯದಾದರೆ ಅದು ಬಡವರಿಗೆ ಮಾತ್ರ ಏಕೆ ಒಳ್ಳೆಯದು ಎಂಬ ಧಾಟಿಯಲ್ಲಿ. ಸುಖಾತ್ಮೆಯವರ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುವುದಿಲ್ಲ. ಬಡವರಿಗೆ ಪ್ರೋಟೀನ್ ಪುಡಿಗಿಂತ ಹೊಟ್ಟೆತುಂಬ ಊಟ ಮೊದಲು ಬೇಕು ಎಂದು ಗಟ್ಟಿಯಾಗಿ ಹೇಳಿದವರೂ ಅವರೇ. ಆದರೆ ಅವರ ಸೂತ್ರ ಖರ್ಚು ಕಡಿಮೆ ಮಾಡಲು ಬಯಸುವವರ ಕೈಗೆ ಕತ್ತರಿಯಾಯಿತು.

ಇಂದಿನ ಮಾದರಿಗಳಲ್ಲೂ ಅಂಥ ಅಂಚುಗಳಿವೆ. ಒಟ್ಟು ಸಂಖ್ಯೆಯನ್ನು ಇಳಿಸು ಎಂದಷ್ಟೇ ಹೇಳಿದರೆ ಕಂಪ್ಯೂಟರ್ ಹತ್ತಿರದ, ಅಗ್ಗದ ಮಗುವನ್ನು ಆರಿಸುತ್ತದೆ. ಟಾರು ರಸ್ತೆ ಪಕ್ಕದ ಕೇರಿಯ ಮಗುವಿಗೆ ಐದು ರೂಪಾಯಿ, ಸಕಲೇಶಪುರದ ಕಾಫಿ ತೋಟದ ಲೈನು ಮನೆಯ ಮಗುವಿಗೆ ಇಪ್ಪತ್ತೈದು ಎಂದಾದರೆ, ಲೈನು ಮನೆ ಸೊಗಸಾಗಿ ಹೊರಗುಳಿಯುತ್ತದೆ. ಆದ್ದರಿಂದ ‘ಯಾವ ಮಗುವನ್ನೂ ಬಿಡುವಂತಿಲ್ಲ’ ಎಂಬುದನ್ನು ಗುರಿಯಾಗಿ ಬರೆಯದೆ, ದಾಟಬಾರದ ಮಿತಿಯಾಗಿ ಬರೆಯಬೇಕು. ಲೆಕ್ಕ ಅದರೊಳಗೇ ನಡೆಯಲಿ.

ಇನ್ನು ‘ಮುಟ್ಟಿದರೆ ಎಷ್ಟು ಗುಣ’ ಎಂಬ ಅಂಕಿಗಳು. ಇವು ದೂರದೂರದ ಪ್ರಯೋಗಗಳಿಂದ ಬರುತ್ತವೆ, ಬದಲಾಗುತ್ತಲೂ ಇರುತ್ತವೆ. ಶೌಚಾಲಯ, ಕೈತೊಳೆಯುವುದು ಎತ್ತರ ಹೆಚ್ಚಿಸುತ್ತವೆ ಎಂದು ಹಿಂದೆ ಬಲವಾಗಿ ನಂಬಿದ್ದರು. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ದೊಡ್ಡ ಪ್ರಯೋಗ ಮಾಡಿದಾಗ 2018-19ರ ಹೊತ್ತಿಗೆ ಎತ್ತರದಲ್ಲಿ ವ್ಯತ್ಯಾಸ ಕಾಣಲಿಲ್ಲ. (ಶೌಚಾಲಯ ಬೇಡ ಅಂತಲ್ಲ, ಅದರ ಉಪಯೋಗ ಬೇರೆ.) 2013ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞರು ಹತ್ತು ಪ್ರಮುಖ ಕಾರ್ಯಕ್ರಮಗಳನ್ನು ಶೇ 90ರಷ್ಟು ಜನರಿಗೆ ಮುಟ್ಟಿಸಿದರೂ ಕುಳ್ಳತನ ಐದನೇ ಒಂದು ಭಾಗ ಮಾತ್ರ ಇಳಿಯುತ್ತದೆ ಎಂದು ಅಂದಾಜಿಸಿದ್ದರು. ಉಳಿದ ನಾಲ್ಕು ಭಾಗದಲ್ಲಿ ಹುಡುಗಿಯ ಮದುವೆಯ ವಯಸ್ಸು, ಅವಳ ಓದು, ಮನೆಯ ಆದಾಯ ಎಲ್ಲ ಅಡಗಿವೆ.

ಈಗ ನನ್ನ ಮುಖ್ಯ ಮಾತು. ನನ್ನ ಅತ್ತಿಗೆ ಅಂಗನವಾಡಿ ಕಾರ್ಯಕರ್ತೆ. ಅವರಿಗೆ ಈ ಮಾದರಿಯನ್ನೆಲ್ಲ ವಿವರಿಸಿ, ಕೂಸುಗಳ ಮನೆಗೆ ಹೋಗಿ ತಾಯಿಗೆ ಊಟ ತಿನ್ನಿಸುವ ಕ್ರಮ ಹೇಳಿಕೊಡುವುದಕ್ಕೆ ಇಂಥ ಮಾದರಿಗಳು ಒಳ್ಳೆಯ ಅಂಕ ಕೊಡುತ್ತವೆ, ಖರ್ಚೂ ಕಡಿಮೆ ಎಂದೆ. ಅವರು ಅವರೆಕಾಯಿ ಸುಲಿಯುತ್ತಲೇ ಕೇಳಿದರು: “ನಿನ್ ಲೆಕ್ಕ ಎಲ್ಲಾ ಸರಿ ಕಣಪ್ಪ. ಅದ್ರಲ್ಲಿ ನಂಗೆ ಎಷ್ಟು ಕೈ ಹಾಕಿದ್ದೀಯ?”

ಅವರ ದಿನ ಹೀಗಿದೆ. ಬೆಳಿಗ್ಗೆ ಮೂರರಿಂದ ಆರು ವರ್ಷದ ಮಕ್ಕಳು. ಹಾಡು, ಅಕ್ಷರ, ಜಗಳ, ಒಂದು ಎರಡು. ಸಹಾಯಕಿ ಒಲೆ ಮುಂದೆ. ಮಧ್ಯಾಹ್ನ ಮಕ್ಕಳ ಊಟ, ಜೊತೆಗೆ ಮಾತೃಪೂರ್ಣದಲ್ಲಿ ತಿಂಗಳಿಗೆ 25 ದಿನ ಬಸುರಿ ಬಾಣಂತಿಯರ ಊಟ. ಆಮೇಲೆ ಪೋಷಣ್ ಟ್ರ್ಯಾಕರ್ ಆ್ಯಪ್. ಹಾಜರಿ, ತೂಕ, ಎತ್ತರ, 2025ರಿಂದ ಪೊಟ್ಟಣ ಕೊಡುವಾಗ ಮುಖ ಹಿಡಿದು ದೃಢೀಕರಣ. ನೆಟ್‌ವರ್ಕ್ ಇಲ್ಲದಿದ್ದರೆ ತೆಂಗಿನ ತೋಟದ ಬದುವಿಗೆ ಹೋಗಿ ಫೋನು ಮೇಲೆತ್ತಿ ನಿಲ್ಲಬೇಕು. ನಡುವೆ ಚುನಾವಣಾ ಪಟ್ಟಿ, ಸಮೀಕ್ಷೆ, ಸಭೆ. ಮೊಟ್ಟೆ ದರ ಏರಿದಾಗ ಕೈಯಿಂದ ಹಾಕಿ ಬಿಲ್ಲಿಗೆ ಕಾಯುವುದು ಬೇರೆ. ಮನೆ ಭೇಟಿಗೆ ಉಳಿಯುವುದು ಸಂಜೆ. ಆಗ ತಾಯಿ ಹಾಸನದ ಗಾರ್ಮೆಂಟ್ಸಿನಿಂದ ಇನ್ನೂ ಬಂದಿರುವುದಿಲ್ಲ, ಕೂಸಿನ ಜೊತೆ ಅಜ್ಜಿ ಇರುತ್ತಾಳೆ. ಅಜ್ಜಿಗೆ ಉಪದೇಶ ಮಾಡುವ ಧೈರ್ಯ ಯಾರಿಗಿದೆ?

ಗಣಿತದಲ್ಲಿ ಇದಕ್ಕೆ ಒಂದು ಸಲಕರಣೆ ಇದೆ. ಲೀನಿಯರ್ ಪ್ರೋಗ್ರಾಮಿಂಗಿನ ಪ್ರತಿ ಲೆಕ್ಕಕ್ಕೂ ಒಂದು ಜೋಡಿ ಲೆಕ್ಕ ಇರುತ್ತದೆ. ಪಿಯುಸಿಯಲ್ಲಿ ಅದನ್ನು ಕಲಿಸುವುದಿಲ್ಲ. ಯಾವ ಮಿತಿಯನ್ನು ಒಂದಿಷ್ಟು ಸಡಿಲಿಸಿದರೆ ಫಲ ಎಷ್ಟು ಹೆಚ್ಚುತ್ತದೆ ಎಂದು ಅದು ಹೇಳುತ್ತದೆ. ಸಡಿಲಿಸಿದರೂ ಏನೂ ಆಗದ ಮಿತಿಗೆ ಬೆಲೆ ಸೊನ್ನೆ. ಬಿಗಿದು ಕಟ್ಟಿರುವ ಮಿತಿಗೆ ದೊಡ್ಡ ಬೆಲೆ. ನೆರಳು ಬೆಲೆ ಎನ್ನುತ್ತಾರೆ. ಕರ್ನಾಟಕದ ಲೆಕ್ಕ ಬಿಡಿಸಿ ನೆರಳು ಬೆಲೆ ಕೇಳಿದರೆ, ಎರಡು ವರ್ಷದೊಳಗಿನ ಮಕ್ಕಳ ಪಾಲಿಗೆ ದೊಡ್ಡ ಬೆಲೆ ಬರುವುದು ಅಕ್ಕಿಗೂ ಅಲ್ಲ, ಪುಡಿಗೂ ಅಲ್ಲ, ಅಂಗನವಾಡಿ ಕಾರ್ಯಕರ್ತೆಯ ಹಗಲಿನ ಒಂದು ಗಂಟೆಗೆ ಎಂದು ನನ್ನ ಬಲವಾದ ನಂಬಿಕೆ. ಮಾದರಿ ಕಟ್ಟುವವರು ಆ ಗಂಟೆಯನ್ನು ಮಿತಿಯಾಗಿ ಬರೆಯುವುದೇ ಇಲ್ಲ. ಕಾರ್ಯಕ್ರಮದ ಖರ್ಚು ತಲೆಗೆ ಇಷ್ಟು ಎಂದು ಬರೆದುಬಿಡುತ್ತಾರೆ, ಅದೇ ಹೆಂಗಸು ಹತ್ತು ಕಾರ್ಯಕ್ರಮಗಳಲ್ಲೂ ಹತ್ತು ಸಲ ಎಣಿಕೆಯಾಗುತ್ತಾಳೆ. ವಿನೆಗರ್‌ನಲ್ಲಿ ನೀರು ಬರೆಯದ ಹಾಗೆ.

ಸರಿ, ಆ ಗಂಟೆಯನ್ನು ಕೊಂಡುಕೊಳ್ಳಲು ಎಷ್ಟಾಗುತ್ತದೆ? ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಪ್ರತಿಯೊಂದಕ್ಕೂ ಅರ್ಧ ದಿನದ ಒಬ್ಬ ಹೊಸ ಕಾರ್ಯಕರ್ತೆ, ಎರಡು ವರ್ಷದೊಳಗಿನ ಮಕ್ಕಳಿಗೆಂದೇ, ತಿಂಗಳಿಗೆ ₹6,000 ಗೌರವಧನ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ ₹468 ಕೋಟಿ. ಮೊಟ್ಟೆಗೆ ಬಂದ ದಾನವನ್ನು ವರ್ಷಕ್ಕೆ ಹಂಚಿದರೆ ₹500 ಕೋಟಿ, ಹೆಚ್ಚುಕಡಿಮೆ ಅಷ್ಟೇ. ₹6,000 ಕಡಿಮೆ ಎನ್ನುತ್ತೀರಾ, ಕಡಿಮೆಯೇ; ಹೆಚ್ಚಿಸಿ, ಗುಣಿಸಿಕೊಳ್ಳಿ.

ಬರೀ ಭೇಟಿ, ಬರೀ ಬುದ್ಧಿಮಾತು ಸಾಕೆಂದೂ ನಾನು ಹೇಳಲಾರೆ. ಜಾರ್ಖಂಡ್, ಒಡಿಶಾಗಳಲ್ಲಿ ಹೀಗೇ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಮನೆಮನೆಗೆ ಕಳಿಸಿ ನೋಡಿದ ಪ್ರಯೋಗದ ಫಲ 2017ರಲ್ಲಿ ಬಂತು. ಕೂಸುಗಳ ಸಾವು ಕಡಿಮೆಯಾಗಿತ್ತು, ತೂಕ ಸುಧಾರಿಸಿತ್ತು, ಆದರೆ ಉದ್ದ ಹೆಚ್ಚಿರಲಿಲ್ಲ. ಮನೆಯಲ್ಲಿ ತಿನ್ನಿಸಲು ಏನಾದರೂ ಇರಬೇಕಲ್ಲ. ಆದ್ದರಿಂದ ಕೈಯ ಜೊತೆ ಊಟವೂ ಹೋಗಬೇಕು: ದಿನಕ್ಕೊಂದು ಮೊಟ್ಟೆ, ಬೇಡದವರಿಗೆ ಅಷ್ಟೇ ಪ್ರೋಟೀನಿನ ಬೇರೆ ತಿನಿಸು, ಕೂಸಿನ ಬಾಯಿಗೆ ಕಾರ್ಯಕರ್ತೆಯ ಎದುರಿಗೇ. ದುಡಿಯಲು ಹೋಗುವ ತಾಯಂದಿರಿಗೆ ಸರ್ಕಾರದ ‘ಕೂಸಿನ ಮನೆ’ ಇದೆ. 2023-24ರ ಬಜೆಟ್ಟಿನಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಿಗೆ ಎಂದು ಘೋಷಿಸಿದ್ದು, ನರೇಗಾ ಕೂಲಿಯವರ ಮಕ್ಕಳಿಗೆ. ಗಾರ್ಮೆಂಟ್ಸಿಗೆ ಹೋಗುವವಳ ಕೂಸಿಗೂ ಅದರ ಬಾಗಿಲು ತೆರೆಯಬೇಕು. ಸಣ್ಣ ಆದೇಶದಲ್ಲಿ ಮುಗಿಯುವ ಕೆಲಸ.

ನನ್ನ ಊಹೆ ತಪ್ಪಿರಬಹುದು, ಅದಕ್ಕೇ ಇಡೀ ರಾಜ್ಯಕ್ಕೆ ಒಂದೇ ಸಲ ಮಾಡಿ ಎನ್ನುವುದಿಲ್ಲ. ಹಾಸನ ತಾಲ್ಲೂಕು ಒಂದರಲ್ಲಿ ಮಾಡಿ ನೋಡಬಹುದು. ಬೂವನಹಳ್ಳಿ ಸುತ್ತಿನ ಬಯಲು ಹಳ್ಳಿಗಳೂ, ಊರಂಚಿನ ಬಡಾವಣೆಗಳೂ, ವಲಸೆ ಬಂದ ಕೂಲಿಯವರ ಶೆಡ್ಡುಗಳೂ ಇದರಲ್ಲಿ ಸೇರುತ್ತವೆ. ತಾಲ್ಲೂಕಿನ ಅಂಗನವಾಡಿಗಳ ಹೆಸರು ಬರೆದು ಚೀಟಿ ಎತ್ತಿ, ಅರ್ಧಕ್ಕೆ ಈ ವರ್ಷವೇ ಎರಡನೇ ಕಾರ್ಯಕರ್ತೆ ಮತ್ತು ಕೂಸಿನ ಊಟ, ಇನ್ನರ್ಧಕ್ಕೆ ಎರಡು ವರ್ಷದ ನಂತರ. ಎರಡೂ ಕಡೆ ಕೂಸುಗಳ ಉದ್ದ ಅಳೆಯಿರಿ. ಅಳೆಯುವವರು ಬೇರೆ ತಾಲ್ಲೂಕಿನಿಂದ ಬರಲಿ, ಯಾವುದಕ್ಕೆ ಚೀಟಿ ಬಿದ್ದಿತ್ತೆಂದು ಅವರಿಗೆ ತಿಳಿಯದಿರಲಿ. ಬಂದ ಅಂಕಿಯನ್ನು ಮಾದರಿಗೆ ಹಾಕಿ. ಬಾಂಗ್ಲಾದೇಶದ ಅಂಕಿಯ ಜಾಗದಲ್ಲಿ ಹಾಸನದ ಅಂಕಿ ಕೂರುತ್ತದೆ. ಮಾದರಿಗೆ ಕೊಟ್ಟ ಎಲ್ಲ ದರ, ಎಲ್ಲ ಮಿತಿಗಳನ್ನೂ ಕನ್ನಡದಲ್ಲಿ ಎರಡು ಪುಟ ಅಚ್ಚು ಹಾಕಿ ಪಂಚಾಯಿತಿಗೆ ಕಳಿಸಿ, ಕಾರ್ಯಕರ್ತೆಯರು ನೋಡಿ ತಿದ್ದಲಿ.

ಚೀಟಿ ಬೀಳದ ಊರಿನವರು ಜಗಳಕ್ಕೆ ಬರುತ್ತಾರೆ. ನಮ್ಮ ಮಕ್ಕಳು ಏನು ಪಾಪ ಮಾಡಿದ್ದವು ಎನ್ನುತ್ತಾರೆ. ನ್ಯಾಯವಾದ ಮಾತೇ, ಆದರೆ ಒಂದೇ ವರ್ಷ ಎಲ್ಲ ಕಡೆಗೂ ಸಾಲುವಷ್ಟು ದುಡ್ಡಿಲ್ಲದಾಗ ಯಾರೋ ಕಾಯಲೇಬೇಕು, ಈಗ ಕಾಯುತ್ತಿರುವವರು ಶಾಸಕರ ಪರಿಚಯ ಇಲ್ಲದವರು. ಅದಕ್ಕೆ ಚೀಟಿ ಎತ್ತುವುದನ್ನು ಕಚೇರಿಯಲ್ಲಿ ಮಾಡದೆ ಗ್ರಾಮಸಭೆಯಲ್ಲಿ, ಮೈಕು ಹಾಕಿ, ಯಾರದಾದರೂ ಮನೆಯ ಚಿಕ್ಕ ಹುಡುಗಿಯ ಕೈಯಲ್ಲಿ ಎತ್ತಿಸಬೇಕು.